ರ‍್ಯಾಪ್‌ನಲ್ಲಿ ಯಾರು ಲೆಜೆಂಡ್? ವಾದಕ್ಕೆ ಕೂರುವ ಮೊದಲು ಹೀಗೆ ಕೇಳಿ, ಹೀಗೆ ತೂಗಿ

ಅಮೆರಿಕದ ರ‍್ಯಾಪರ್‌ಗಳಲ್ಲಿ ಎಮಿನೆಮ್ ದೊಡ್ಡವನಾ, ಟುಪಾಕ್ ದೊಡ್ಡವನಾ? ಕೆಂಡ್ರಿಕ್ ಲಮಾರ್ ಈಗಾಗಲೇ ಜೇ-ಝೀಯನ್ನು ದಾಟಿ ಹೋದನಾ? ಕಾಸರಗೋಡಿನ ಕಾಲೇಜು ಕ್ಯಾಂಟೀನುಗಳಲ್ಲಿ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲಿ, ಉಪ್ಪಳದಲ್ಲಿ ಫುಟ್‌ಬಾಲ್ ಮುಗಿಸಿ ಕೂತವರ ನಡುವೆ ಈ ವಾದ ನಡೆಯುತ್ತಲೇ ಇರುತ್ತದೆ. ನಡೆಯಲಿ, ಒಳ್ಳೆಯದೇ. ಆದರೆ ಹೆಚ್ಚಿನ ಸಲ ಅದು ವ್ಯೂಸ್ ಎಷ್ಟು, ಆಲ್ಬಂ ಎಷ್ಟು ಮಾರಾಟವಾಯಿತು, ಯಾರು ಜಾಸ್ತಿ ಸ್ಪೀಡಾಗಿ ಹೇಳಿದರು ಎನ್ನುವಲ್ಲಿಗೆ ಮುಗಿದುಹೋಗುತ್ತದೆ. ಈ ಸಂಗೀತವನ್ನು ಯಾರು ಹುಟ್ಟಿಸಿದರು, ಎಂಥ ಜಾಗದಲ್ಲಿ ಹುಟ್ಟಿಸಿದರು, ಹುಟ್ಟಿಸಿದವರ ಕೈಗೆ ಕೊನೆಗೆ ಏನು ಬಂತು ಎಂಬ ಮಾತೇ ಏಳುವುದಿಲ್ಲ.

ಆ ಮಾತು ಬಿಟ್ಟರೆ ಲೆಜೆಂಡ್ ಯಾರೆಂದು ತೀರ್ಮಾನಿಸಲು ಆಗುವುದಿಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ. ಅಮೆರಿಕದಲ್ಲಿ ಯಾರ ಹಾಡು ಟಿವಿಯಲ್ಲಿ ಬರಬೇಕು, ಯಾರಿಗೆ ದುಡ್ಡು ಸೇರಬೇಕು, ಯಾರ ಹೆಸರು ಉಳಿಯಬೇಕು ಎಂಬುದರಲ್ಲೆಲ್ಲ ಚರ್ಮದ ಬಣ್ಣ ಕೈ ಹಾಕಿದೆ. ಹಾಗಿರುವಾಗ ಬಣ್ಣದ ಲೆಕ್ಕ ಬಿಟ್ಟು ಬರೀ ಮಾರಾಟದ ಲೆಕ್ಕ ಇಟ್ಟುಕೊಂಡರೆ ಉತ್ತರ ತಪ್ಪೇ ಬರುತ್ತದೆ, ಅಲ್ವಾ? ಹಾಗಾಗಿ ಕೇಳುವುದು ಹೇಗೆ, ತೂಗುವುದು ಹೇಗೆ, ನೀವೇ ಬರೆಯುವುದಾದರೆ ಏನು ನೋಡಿಕೊಳ್ಳಬೇಕು ಎಂದು ಇಲ್ಲಿ ಹೇಳುತ್ತೇನೆ.

ಮೊದಲು ಬ್ರಾಂಕ್ಸ್‌ನ ಕತೆ ತಿಳಿದುಕೊಳ್ಳಿ

1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1520 ಸೆಜ್‌ವಿಕ್ ಅವೆನ್ಯೂ ಎಂಬ ವಿಳಾಸದ ಒಂದು ಅಪಾರ್ಟ್‌ಮೆಂಟ್. ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಗೆ ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆಗೆ ದುಡ್ಡು ಬೇಕಿತ್ತು. ಕಟ್ಟಡದ ಹಾಲ್‌ನಲ್ಲಿ ಪಾರ್ಟಿ ಇಟ್ಟು, ಒಳಗೆ ಬರುವವರಿಂದ ದುಡ್ಡು ತೆಗೆದುಕೊಂಡಳು. ರೆಕಾರ್ಡ್ ಹಾಕಿದ್ದು ಅವಳ ಅಣ್ಣ ಕ್ಲೈವ್. ಆ ಕ್ಲೈವ್‌ನೇ ಡಿಜೆ ಕೂಲ್ ಹರ್ಕ್. ಹುಟ್ಟಿದ್ದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ, ಬೀದಿಯಲ್ಲಿ ದೊಡ್ಡ ದೊಡ್ಡ ಸ್ಪೀಕರ್ ಇಟ್ಟು ಊರನ್ನೇ ಕುಣಿಸುವ ಸೌಂಡ್ ಸಿಸ್ಟಮ್ ಪದ್ಧತಿ ಇದ್ದ ಊರದು.

ಹರ್ಕ್ ಒಂದು ವಿಷಯ ಗಮನಿಸಿದ್ದ. ಹಾಡಿನ ನಡುವೆ ಎಲ್ಲ ನಿಂತು ಬರೀ ಡ್ರಮ್ಸ್ ಬಾರಿಸುವ ಒಂದು ತುಣುಕು ಬರುತ್ತದೆ. ಅದಕ್ಕೆ ಬ್ರೇಕ್ ಎನ್ನುತ್ತಾರೆ. ಕುಣಿಯುವವರು ಕಾಯುವುದೇ ಅದಕ್ಕೆ. ಆದರೆ ಅದು ಕೆಲವೇ ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಹರ್ಕ್ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಬ್ರೇಕ್ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದನ್ನೇ ಮತ್ತೆ ಹಾಕಿ ಉದ್ದ ಮಾಡಿದ. ಹಿಪ್ ಹಾಪ್‌ನ ಬುಡ ಇಷ್ಟೇ. ಆ ಉದ್ದವಾದ ಡ್ರಮ್ಸಿನ ಮೇಲೆ ಕುಣಿತ ಬೆಳೆಯಿತು, ಮೈಕ್ ಹಿಡಿದು ಜನರನ್ನು ಹುರಿದುಂಬಿಸುವ ಮಾತು ಬೆಳೆಯಿತು, ಮಾತು ಪ್ರಾಸವಾಯಿತು, ಅದೇ ರ‍್ಯಾಪ್.

ಆಗ ಆ ಜಾಗ ಹೇಗಿತ್ತು ಎಂಬುದನ್ನೂ ಜೊತೆಗೇ ಓದಿ. ಕ್ರಾಸ್ ಬ್ರಾಂಕ್ಸ್ ಎಕ್ಸ್‌ಪ್ರೆಸ್‌ವೇ ಎಂಬ ಹೆದ್ದಾರಿ ಮನೆಗಳನ್ನು ಕೆಡವಿ ಊರಿನ ನಡುವೆಯೇ ಹಾದುಹೋಗಿತ್ತು. ಅನುಕೂಲ ಇದ್ದ ಬಿಳಿಯರು ಬಿಟ್ಟು ಹೋದರು. ಕಪ್ಪು ಜನ ಇರುವ ಏರಿಯಾಕ್ಕೆ ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ. 1970ರ ದಶಕದಲ್ಲಿ ಕಟ್ಟಡಕ್ಕೆ ಕಟ್ಟಡವೇ ಹೊತ್ತಿ ಉರಿಯಿತು, ಇನ್ಶೂರೆನ್ಸ್ ದುಡ್ಡಿಗಾಗಿ ಮಾಲೀಕರೇ ಬೆಂಕಿ ಹಚ್ಚಿಸಿದ್ದೂ ಉಂಟು. ಅದೇ ಹೊತ್ತಿಗೆ ನಗರಾಡಳಿತ ಖರ್ಚು ಉಳಿಸಲು ಅಗ್ನಿಶಾಮಕ ಠಾಣೆಗಳನ್ನೇ ಮುಚ್ಚಿತ್ತು. ಅಂಥಲ್ಲಿ ಬೆಳೆದ ಮಕ್ಕಳು ಹಳೇ ರೆಕಾರ್ಡು, ಎರಡು ಟರ್ನ್‌ಟೇಬಲ್ ಇಟ್ಟುಕೊಂಡು ಇದನ್ನು ಕಟ್ಟಿದರು. ಕಪ್ಪು ಅಮೆರಿಕನ್ನರು, ಕೆರಿಬಿಯನ್ ದ್ವೀಪಗಳಿಂದ ಬಂದವರು, ಪೋರ್ಟೊ ರಿಕೊ ಮೂಲದವರು ಎಲ್ಲರೂ ಅದರಲ್ಲಿದ್ದರು. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಹುಟ್ಟಿದ್ದು ಬಾರ್ಬಡೋಸ್‌ನಲ್ಲಿ. ಕೋಲ್ಡ್ ಕ್ರಷ್ ಬ್ರದರ್ಸ್ ತಂಡದ ಡಿಜೆ ಚಾರ್ಲಿ ಚೇಸ್ ಪೋರ್ಟೊ ರಿಕೊ ಮೂಲದವನು.

ಕೇಳುವ ಕ್ರಮ

ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಬೇಸ್, ಅಂದರೆ ತಗ್ಗಿನ ದನಿ, ಪೂರ್ತಿ ಸತ್ತುಹೋಗುತ್ತದೆ, ರ‍್ಯಾಪ್‌ನ ಅರ್ಧ ಜೀವ ಇರುವುದೇ ಬೇಸ್‌ನಲ್ಲಿ. ಸಾಧಾರಣ ಇಯರ್‌ಫೋನ್ ಆದರೂ ಸಾಕು. ಮೊದಲ ಸಲ ಸಾಹಿತ್ಯ ನೋಡದೆ ಬರೀ ಕೇಳಿ. ಎರಡನೇ ಸಲ ಸಾಹಿತ್ಯ ಮುಂದಿಟ್ಟುಕೊಳ್ಳಿ. ಮೂರನೇ ಸಲ ಪ್ರಾಸ ಎಲ್ಲೆಲ್ಲಿ ಬೀಳುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಸುಮ್ನೆ ಹೇಳುತ್ತಿಲ್ಲ, ಇದನ್ನು ಮಾಡಿದರೆ ಮಾತ್ರ ಯಾರು ಎಷ್ಟು ಕಷ್ಟದ ಕೆಲಸ ಮಾಡಿದ್ದಾರೆ ಎಂದು ಕಣ್ಣಿಗೆ ಕಾಣುತ್ತದೆ.

ಹಳೆಯದರಿಂದ ಹೊಸದಕ್ಕೆ ಬನ್ನಿ. 1982ರ 'ದಿ ಮೆಸೇಜ್'ನಿಂದ ಶುರು ಮಾಡಿ, ಬಡವರ ಕೇರಿಯ ಬದುಕನ್ನು ನೇರವಾಗಿ ಹೇಳಿದ ಹಾಡು ಅದು. ಆಮೇಲೆ 1987ರ ಎರಿಕ್ ಬಿ ಮತ್ತು ರಾಕಿಮ್. ರಾಕಿಮ್‌ಗಿಂತ ಹಿಂದಿನವರು ಹೆಚ್ಚಾಗಿ ಸಾಲಿನ ಕೊನೆಯಲ್ಲಿ ಪ್ರಾಸ ಇಟ್ಟು ನಿಲ್ಲಿಸುತ್ತಿದ್ದರು. ಸ್ಯಾಕ್ಸೊಫೋನ್ ನುಡಿಸಿ ಗೊತ್ತಿದ್ದ ರಾಕಿಮ್ ಸಾಲಿನ ಒಳಗೂ ನಡುವೆಯೂ ಪ್ರಾಸ ಹೆಣೆದು, ಒಂದು ಸಾಲನ್ನು ಇನ್ನೊಂದಕ್ಕೆ ದಾಟಿಸಿದ. ಷಟ್ಪದಿಯ ಆದಿಪ್ರಾಸ ಕೇಳಿ ಬೆಳೆದ ನಮ್ಮ ಕಿವಿಗೆ ಇದು ಬೇಗ ಸಿಗುತ್ತದೆ. ಅಲ್ಲಿಂದ 1988ರ ಪಬ್ಲಿಕ್ ಎನಿಮಿ ಮತ್ತು ಎನ್‌ಡಬ್ಲ್ಯುಎ, 1994ರ ನ್ಯಾಸ್ ಮತ್ತು ಬಿಗ್ಗಿ, 1995ರ ಟುಪಾಕ್, 1998ರ ಲಾರಿನ್ ಹಿಲ್ ಮತ್ತು ಔಟ್‌ಕಾಸ್ಟ್, 2000ದ ಎಮಿನೆಮ್, 2015ರ ಕೆಂಡ್ರಿಕ್. ಒಂದೊಂದನ್ನೂ ಪೂರ್ತಿ ಆಲ್ಬಂ ಆಗಿ ಕೇಳಿ. ರೀಲ್ಸ್‌ನಲ್ಲಿ ಬರುವ ಹದಿನೈದು ಸೆಕೆಂಡಿನ ತುಂಡು ಕೇಳಿ ಯಾರ ಮೇಲೂ ತೀರ್ಪು ಕೊಡಬೇಡಿ.

ತೂಗುವಾಗ ಕೇಳಬೇಕಾದ ಪ್ರಶ್ನೆಗಳು

ನಮ್ಮ ಕಡೆಯವರಿಗೆ ಇದನ್ನು ತಿಳಿಸಲು ತಾಳಮದ್ದಳೆಗಿಂತ ಒಳ್ಳೆಯ ದಾರಿ ಇಲ್ಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಅಲ್ಲೇ ಕೂತು, ಬರೆದಿಟ್ಟುಕೊಳ್ಳದೆ, ಎದುರಿನವರ ಮಾತಿಗೆ ಮಾತು ಕೊಡುತ್ತಾರೆ. ಕತೆ ಎಲ್ಲರಿಗೂ ಗೊತ್ತಿರುವುದೇ, ಗೆಲ್ಲುವುದು ಮಾತು. ಕುಂಬಳೆ ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರನ್ನು ಇವತ್ತಿಗೂ ಜನ ನೆನೆಯುವುದು ಯಾಕೆ? ಚಪ್ಪಾಳೆ ಗಿಟ್ಟಿಸುವವರು ಅವರ ಕಾಲದಲ್ಲಿ ಬೇರೆಯವರೂ ಇದ್ದರು. ರಾವಣ, ವಾಲಿ, ಕೌರವರಂಥ ಎದುರು ಪಕ್ಷದ ಪಾತ್ರಗಳಿಗೂ ಒಂದು ನ್ಯಾಯ ಉಂಟು ಎಂದು ಅವರು ವಾದಿಸಿ ತೋರಿಸಿದರು, ಅವರ ನಂತರ ಆ ಪಾತ್ರ ಮಾಡುವವರು ಶೇಣಿಯವರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಮಾಡುವಂತೆಯೇ ಇಲ್ಲ.

ರ‍್ಯಾಪ್‌ನಲ್ಲೂ ಇದೇ ನಡೆದ ಒಂದು ರಾತ್ರಿ ಉಂಟು. 1981ರಲ್ಲಿ ಹಾರ್ಲೆಮ್ ವರ್ಲ್ಡ್ ಎಂಬ ಕ್ಲಬ್ಬಿನಲ್ಲಿ ಬ್ಯುಸಿ ಬೀ ಜನರನ್ನು ಕೂಗಿಸಿ ರಂಜಿಸಿ ಇಳಿದ. ಆಮೇಲೆ ಕೂಲ್ ಮೋ ಡೀ ಬಂದು, ಅವನ ಹೆಸರು ಹಿಡಿದು, ಒಂದೊಂದೇ ಮಾತನ್ನು ಬಿಡಿಸಿ ಉತ್ತರ ಕೊಟ್ಟ. ಬರೀ ರಂಜನೆ ಸಾಲದು, ಬರವಣಿಗೆಯೂ ಬೇಕು ಎಂದು ಅಲ್ಲಿಂದ ರ‍್ಯಾಪ್‌ನ ಅಳತೆ ಬದಲಾಯಿತು.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆ: ಇವನಿಗಿಂತ ಮುಂಚೆ ಹೇಗಿತ್ತು, ಇವನ ನಂತರ ಹೇಗಾಯಿತು? ರಾಕಿಮ್‌ನ ಬಗ್ಗೆ ಇದನ್ನು ಕೇಳಿದರೆ ಉತ್ತರ ಕಣ್ಣಿಗೆ ಹೊಡೆಯುತ್ತದೆ. ಜೆ ಡಿಲ್ಲಾನ ಬಗ್ಗೆ ಕೇಳಿ ನೋಡಿ. ಡೆಟ್ರಾಯಿಟಿನ ಈ ಬೀಟ್ ಮೇಕರ್ (ಹಾಡಿನ ಹಿಂದಿನ ಸಂಗೀತ ಕಟ್ಟುವವನು) 2006ರ ಫೆಬ್ರವರಿಯಲ್ಲಿ ತೀರಿಕೊಂಡಾಗ 32 ವರ್ಷ, ಕೊನೆಯ ಆಲ್ಬಂ ಹೊರಗೆ ಬಂದು ಮೂರೇ ದಿನ ಆಗಿತ್ತು. ಮಾರಾಟದ ಪಟ್ಟಿ ಹಿಡಿದು ಹುಡುಕಿದರೆ ಅವನು ಸಿಗುವುದು ಕಷ್ಟ. ಆದರೆ ಡ್ರಮ್ಸನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ ಬೀಟಿಗೆ ಮನುಷ್ಯನ ತೂಗಾಟ ಕೊಟ್ಟದ್ದು ಅವನು, ಇವತ್ತು ಜಾಝ್ ಡ್ರಮ್ಮರುಗಳೂ ಆ ತೂಗಾಟವನ್ನು ಅಭ್ಯಾಸ ಮಾಡುತ್ತಾರೆ. ನನ್ನ ಪಟ್ಟಿಯಲ್ಲಿ ಅವನು ತುಂಬ ಮೇಲಿದ್ದಾನೆ.

ಎರಡನೆಯದು: ಹಾಡು ಪಾರ್ಟಿಯ ಹೊರಗೆ ಎಲ್ಲಿಯವರೆಗೆ ಹೋಯಿತು? ಪೊಲೀಸರ ಹಿಂಸೆಯ ಬಗ್ಗೆ ಲಾಸ್ ಏಂಜಲೀಸ್ ಕಡೆಯ ತಂಡ ಎನ್‌ಡಬ್ಲ್ಯುಎ ಹಾಡಿದ್ದಕ್ಕೆ 1989ರಲ್ಲಿ ಎಫ್‌ಬಿಐ ಅಧಿಕಾರಿಯೊಬ್ಬರು ಅವರ ರೆಕಾರ್ಡ್ ಕಂಪನಿಗೆ ಆಕ್ಷೇಪಣೆಯ ಪತ್ರ ಬರೆದರು. ಎರಡು ವರ್ಷ ಕಳೆದು 1991ರಲ್ಲಿ ಅದೇ ಲಾಸ್ ಏಂಜಲೀಸ್‌ನಲ್ಲಿ ಪೊಲೀಸರು ರಾಡ್ನಿ ಕಿಂಗ್‌ನನ್ನು ಹೊಡೆಯುವ ವಿಡಿಯೋವನ್ನು ಜಗತ್ತೇ ನೋಡಿತು. 1992ರಲ್ಲಿ ಆ ಪೊಲೀಸರು ಬಿಡುಗಡೆಯಾದಾಗ ಊರು ಹೊತ್ತಿಕೊಂಡಿತು. ಹಾಡು ಮುಂಚೆಯೇ ಹೇಳಿತ್ತು. ಕೆಂಡ್ರಿಕ್‌ನ 2015ರ 'ಆಲ್‌ರೈಟ್' ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಪ್ರತಿಭಟನೆಗಳಲ್ಲಿ ಘೋಷಣೆಯಾಗಿ ಮೊಳಗಿತು. 2018ರಲ್ಲಿ ಅವನ 'ಡ್ಯಾಮ್' ಆಲ್ಬಂಗೆ ಸಂಗೀತದ ಪುಲಿಟ್ಜರ್ ಬಂತು. ಶಾಸ್ತ್ರೀಯ ಮತ್ತು ಜಾಝ್ ಬಿಟ್ಟು ಬೇರೆ ಸಂಗೀತಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನಂತರ ಕಯ್ಯಾರ ಕಿಞ್ಞಣ್ಣ ರೈಗಳ ಕವಿತೆ ಇಲ್ಲಿನ ಕನ್ನಡಿಗರ ಬಾಯಲ್ಲಿ ಹೇಗೆ ನಿಂತಿತು ಎಂದು ಮನೆಯ ಹಿರಿಯರನ್ನು ಕೇಳಿ, ಈ ಪ್ರಶ್ನೆಯ ತೂಕ ತಿಳಿಯುತ್ತದೆ.

ಮೂರನೆಯದು: ಯಾರಿಗೆ ಬಾಗಿಲು ತೆರೆಯಿತು? 1995ರ ಸೋರ್ಸ್ ಅವಾರ್ಡ್ಸ್ ಎಂಬ ಹಿಪ್ ಹಾಪ್ ಪ್ರಶಸ್ತಿ ಸಮಾರಂಭ ನ್ಯೂಯಾರ್ಕಿನಲ್ಲಿ ನಡೆದಾಗ ಅಟ್ಲಾಂಟಾದ ಔಟ್‌ಕಾಸ್ಟ್‌ಗೆ ಪ್ರಶಸ್ತಿ ಬಂತು, ಸಭೆ ಹೋ ಎಂದು ಕೂಗಿ ಅವಮಾನಿಸಿತು. ದಕ್ಷಿಣದವರಿಗೂ ಹೇಳಲಿಕ್ಕೆ ಉಂಟು ಎಂಬರ್ಥದ ಒಂದೇ ಮಾತು ಹೇಳಿ ತಂಡದ ಆಂಡ್ರೆ 3000 ಇಳಿದ. ಆಗ ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್ ಬಿಟ್ಟು ಬೇರೆ ಊರಿನವರನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಇವತ್ತು ಹಿಪ್ ಹಾಪ್‌ನ ದೊಡ್ಡ ರಾಜಧಾನಿಗಳಲ್ಲಿ ಅಟ್ಲಾಂಟಾ ಒಂದು. ಕರ್ನಾಟಕದ ಪಟ್ಟಿಯಲ್ಲೂ ಕೇರಳದ ಪಟ್ಟಿಯಲ್ಲೂ ಅಂಚಿನಲ್ಲಿ ಉಳಿಯುವ ನಮ್ಮ ಜಿಲ್ಲೆಯವರಿಗೆ ಈ ಕತೆ ಇನ್ನೂ ಚೆನ್ನಾಗಿ ತಾಗಬೇಕು.

ಹೆಣ್ಣುಮಕ್ಕಳನ್ನೂ ಇದೇ ಪ್ರಶ್ನೆಯಲ್ಲಿ ತನ್ನಿ, ಹೆಚ್ಚಿನ ವಾದಗಳಲ್ಲಿ ಅವರ ಹೆಸರೇ ಬರುವುದಿಲ್ಲ. ರೊಕ್ಸಾನ್ ಶಾಂಟೆ 1984ರಲ್ಲಿ ತನ್ನ ಹಾಡಿನಿಂದ ದೊಡ್ಡ ದೊಡ್ಡವರಿಗೆ ಉತ್ತರ ಕೊಟ್ಟಾಗ ಅವಳಿಗೆ 14 ವರ್ಷ. 1999ರಲ್ಲಿ ವರ್ಷದ ಆಲ್ಬಂ ಗ್ರ್ಯಾಮಿ ಪಡೆದ ಮೊದಲ ಹಿಪ್ ಹಾಪ್ ಆಲ್ಬಂ ಲಾರಿನ್ ಹಿಲ್‌ಳದ್ದು.

ಇನ್ನು ಸಾವಿನ ವಿಷಯ. ಟುಪಾಕ್ 1996ರಲ್ಲಿ 25ನೇ ವಯಸ್ಸಿಗೆ, ಬಿಗ್ಗಿ 1997ರಲ್ಲಿ 24ನೇ ವಯಸ್ಸಿಗೆ ಗುಂಡೇಟಿಗೆ ಬಲಿಯಾದರು. ಬೇಗ ಸತ್ತದ್ದರಿಂದ ಲೆಜೆಂಡ್ ಆದರು ಎಂದು ಕೆಲವರು ತಳ್ಳಿಹಾಕುತ್ತಾರೆ. ನಾನು ಒಪ್ಪುವುದಿಲ್ಲ. ಟುಪಾಕ್‌ನ ತಾಯಿ ಅಫೆನಿ ಶಕೂರ್ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು. ತುಂಬು ಗರ್ಭಿಣಿಯಾಗಿ ಕೋರ್ಟಿನಲ್ಲಿ ತನ್ನ ಕೇಸನ್ನು ತಾನೇ ವಾದಿಸಿ 1971ರ ಮೇ ತಿಂಗಳಲ್ಲಿ ಬಿಡುಗಡೆಯಾದರು, ಜೂನ್‌ನಲ್ಲಿ ಮಗ ಹುಟ್ಟಿದ. ಬಡ ತಾಯಂದಿರ ಬಗ್ಗೆ, ಜೈಲಿನ ಬಗ್ಗೆ, ತನ್ನೊಳಗಿನ ಹೆದರಿಕೆಯ ಬಗ್ಗೆ ಆತ ಹೇಳಿದ್ದು ಆ ಮನೆಯಿಂದ ಬಂದದ್ದು. ಬಿಗ್ಗಿ ಬದುಕಿದ್ದಾಗ ಬಂದದ್ದು ಒಂದೇ ಆಲ್ಬಂ, ಆದರೆ ಕತೆ ಹೇಳುವ ಆ ಸಲೀಸು ಅದರಲ್ಲೇ ಪೂರ್ತಿ ಇತ್ತು. ಕೆಲಸ ನೋಡಿ, ಆಮೇಲೆ ಸಾವನ್ನು ನೋಡಿ.

ಬಣ್ಣವನ್ನು ಲೆಕ್ಕಕ್ಕೆ ತರುವುದು ಹೇಗೆ

ಇಲ್ಲಿ ಸ್ವಲ್ಪ ನಿಧಾನ ಮಾಡಿ, ಯಾಕೆಂದರೆ ಹೆಚ್ಚಿನ ಜಗಳ ಇಲ್ಲೇ.

ಎಂಟಿವಿ 1981ರಲ್ಲಿ ಶುರುವಾದಾಗ ಕಪ್ಪು ಕಲಾವಿದರ ವಿಡಿಯೋ ಕಾಣುವುದೇ ಅಪರೂಪ. 1983ರಲ್ಲಿ ಬ್ರಿಟನ್ನಿನ ಬಿಳಿ ಗಾಯಕ ಡೇವಿಡ್ ಬೋವಿ ಸಂದರ್ಶನಕ್ಕೆ ಕೂತಾಗ, ಯಾಕೆ ಹೀಗೆ ಎಂದು ಆ ಚಾನೆಲ್ಲಿನವರನ್ನೇ ಕೇಳಿದ. ರ‍್ಯಾಪ್‌ಗೆ ಅಲ್ಲಿ ಪ್ರತ್ಯೇಕ ಕಾರ್ಯಕ್ರಮ ಸಿಕ್ಕಿದ್ದು 1988ರಲ್ಲಿ. 1989ರಲ್ಲಿ ಗ್ರ್ಯಾಮಿ ಮೊದಲ ಸಲ ರ‍್ಯಾಪ್‌ಗೆ ಪ್ರಶಸ್ತಿ ಇಟ್ಟಿತು, ಆದರೆ ಅದನ್ನು ಕೊಡುವುದನ್ನು ಟಿವಿಯಲ್ಲಿ ತೋರಿಸಲಿಲ್ಲ. ಗೆದ್ದ ಡಿಜೆ ಜ್ಯಾಝಿ ಜೆಫ್ ಮತ್ತು ಫ್ರೆಶ್ ಪ್ರಿನ್ಸ್ ಸಮಾರಂಭಕ್ಕೇ ಹೋಗಲಿಲ್ಲ. ಆ ಫ್ರೆಶ್ ಪ್ರಿನ್ಸ್ ಈಗಿನ ವಿಲ್ ಸ್ಮಿತ್.

ಈಗ ಇನ್ನೊಂದು ಕಡೆ ನೋಡಿ. ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದ ಮೊದಲ ರ‍್ಯಾಪ್ ಆಲ್ಬಂ ಬೀಸ್ಟಿ ಬಾಯ್ಸ್‌ನದ್ದು, 1987ರಲ್ಲಿ. ಮೂವರೂ ಬಿಳಿಯರು. ಅಲ್ಲಿನ ಜನಪ್ರಿಯ ಹಾಡುಗಳ ಹಾಟ್ 100 ಪಟ್ಟಿಯ ತುದಿಗೆ ಹೋದ ಮೊದಲ ಹಿಪ್ ಹಾಪ್ ಸಿಂಗಲ್ ವನಿಲ್ಲಾ ಐಸ್‌ನದ್ದು, 1990ರಲ್ಲಿ. ಅವನೂ ಬಿಳಿಯ. ಹತ್ತು ವರ್ಷಕ್ಕೂ ಮೇಲೆ ಕಪ್ಪು ಮತ್ತು ಲ್ಯಾಟಿನೊ ಹುಡುಗರು ಕಟ್ಟಿದ ಮನೆಯಲ್ಲಿ ಈ ಎರಡು ದೊಡ್ಡ ಮೊದಲುಗಳು ಯಾರ ಹೆಸರಿನಲ್ಲಿ ಬರೆದಿವೆ ನೋಡಿ. ಮಾರಾಟವನ್ನೇ ಅಳತೆ ಮಾಡಿಕೊಂಡರೆ ನೀವು ಅಂಗಡಿಯವರ, ರೇಡಿಯೋದವರ ಪಕ್ಷಪಾತವನ್ನೂ ಸೇರಿಸಿ ಅಳೆಯುತ್ತಿದ್ದೀರಿ.

ಹಾಗೆಂದು ಬಿಳಿಯರು ಎಲ್ಲರೂ ಒಂದೇ ಅಲ್ಲ. ಬೀಸ್ಟಿ ಬಾಯ್ಸ್ ನ್ಯೂಯಾರ್ಕಿನವರು, ಕಪ್ಪು ರ‍್ಯಾಪರ್‌ಗಳ ತಂಡ ರನ್-ಡಿಎಂಸಿ ಜೊತೆ ಟೂರ್ ಮಾಡಿದವರು, ತಮ್ಮದಲ್ಲದ ಬದುಕನ್ನು ತಮ್ಮದೆಂದು ಹೇಳಿಕೊಳ್ಳಲಿಲ್ಲ, ವರ್ಷ ಕಳೆದಂತೆ ಸಂಗೀತವನ್ನೂ ಬೆಳೆಸಿದರು. ವನಿಲ್ಲಾ ಐಸ್‌ನ ಪ್ರಚಾರದಲ್ಲಿ ಮಯಾಮಿಯ ಒರಟು ಬೀದಿಯ ಕತೆ ಕಟ್ಟಲಾಗಿತ್ತು. ಬೆಳೆದದ್ದು ಹೆಚ್ಚಾಗಿ ಡಲ್ಲಾಸ್ ಕಡೆ ಎಂದು ಪತ್ರಿಕೆಯವರು ಹೊರಗೆ ತಂದ ಮೇಲೆ ಹೆಸರು ಕುಸಿಯಿತು. ಆ ಹಾಡಿನ ಬೇಸ್ ಕೂಡ ಕ್ವೀನ್ ಮತ್ತು ಡೇವಿಡ್ ಬೋವಿಯ ಹಾಡಿನಿಂದ ಬಂದದ್ದು, ಮೊದಲಿಗೆ ಅವರ ಹೆಸರೇ ಹಾಕಿರಲಿಲ್ಲ.

ಬಿಳಿಯನೇ ಆದ ಎಮಿನೆಮ್ ವಿಷಯಕ್ಕೆ ಬರೋಣ. ನನ್ನ ಮಟ್ಟಿಗೆ ಆತ ಲೆಜೆಂಡ್, ಅದರಲ್ಲಿ ಸಂಶಯ ಇಲ್ಲ. ಪದದೊಳಗೆ ಪದ ಕೂರಿಸುವ ಆ ಕಸುಬು ನೋಡಿ. ರ‍್ಯಾಪ್ ಹಾಡಿಗೆ ಮೊದಲ ಆಸ್ಕರ್ ತಂದವನು ಅವನು, 2003ರಲ್ಲಿ. ಆದರೆ ಎಲ್ಲರಿಗಿಂತ ದೊಡ್ಡವನು ಯಾಕೆಂದರೆ ಎಲ್ಲರಿಗಿಂತ ಜಾಸ್ತಿ ಮಾರಿದ್ದಾನೆ ಎಂದು ಹೇಳುವವರು ಅವನ 2002ರ 'ವೈಟ್ ಅಮೆರಿಕ' ಕೇಳಬೇಕು. ತಾನು ಕಪ್ಪಾಗಿದ್ದರೆ ಇದರ ಅರ್ಧ ಮಾತ್ರ ಮಾರುತ್ತಿದ್ದೆ ಎಂದು ಅವನೇ ಹೇಳುತ್ತಾನೆ. ಅವನನ್ನು ಕರೆತಂದು ಜಗತ್ತಿಗೆ ತೋರಿಸಿದ್ದು ಡಾಕ್ಟರ್ ಡ್ರೇ, ಎನ್‌ಡಬ್ಲ್ಯುಎಯ ಅದೇ ಡ್ರೇ. 2022ರಲ್ಲಿ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಾಗ, ತನಗೆ ಕಲಿಸಿದ ರ‍್ಯಾಪರ್‌ಗಳ ಉದ್ದನೆಯ ಪಟ್ಟಿಯನ್ನೇ ವೇದಿಕೆಯಲ್ಲಿ ಓದಿದ. ಆ ಪಟ್ಟಿಯನ್ನು ಹುಡುಕಿ, ಅದರಲ್ಲಿ ನಿಮಗೆ ಗೊತ್ತಿಲ್ಲದ ಹೆಸರುಗಳನ್ನು ಕೇಳಿ. ಎಮಿನೆಮ್ ಅಭಿಮಾನಿ ಮಾಡಬಹುದಾದ ಒಳ್ಳೆಯ ಕೆಲಸ ಇದೇ.

2014ರ ಗ್ರ್ಯಾಮಿಯಲ್ಲಿ ರ‍್ಯಾಪ್ ಆಲ್ಬಂ ಪ್ರಶಸ್ತಿ ಬಿಳಿಯರಾದ ಮ್ಯಾಕ್ಲಮೋರ್ ಮತ್ತು ರಯಾನ್ ಲೂಯಿಸ್‌ಗೆ ಹೋಯಿತು, ಕೆಂಡ್ರಿಕ್‌ಗೆ ಬರಲಿಲ್ಲ. ನಿನಗೆ ಬರಬೇಕಿತ್ತು ಎಂದು ಮ್ಯಾಕ್ಲಮೋರೇ ಕೆಂಡ್ರಿಕ್‌ಗೆ ಮೆಸೇಜ್ ಕಳಿಸಿದ. ಪ್ರಶಸ್ತಿ ಪಟ್ಟಿ ಹಿಡಿದು ವಾದಿಸುವವರಿಗೆ ಇದನ್ನು ನೆನಪಿಸಿ.

ಮರೆತುಹೋದ ಹೆಸರುಗಳನ್ನು ಹುಡುಕಿ

1979ರಲ್ಲಿ 'ರ‍್ಯಾಪರ್ಸ್ ಡಿಲೈಟ್' ಬಂದಾಗ ರ‍್ಯಾಪ್ ಎಂದರೇನೆಂದು ಊರಿಗೆಲ್ಲ ಗೊತ್ತಾಯಿತು. ಅದರಲ್ಲಿ ಬಿಗ್ ಬ್ಯಾಂಕ್ ಹ್ಯಾಂಕ್ ಹೇಳಿದ ಸಾಲುಗಳು ಬ್ರಾಂಕ್ಸ್‌ನ ರ‍್ಯಾಪರ್ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್‌ನವು. ಕ್ಯಾಜ್‌ನ ಹೆಸರನ್ನು ಬಿಡಿಸಿ ಹೇಳುವ ಸಾಲನ್ನೂ ಬದಲಾಯಿಸದೆ ಹಾಗೇ ಹಾಡಿದ್ದಾನೆ, ಕೇಳಿದರೆ ಗೊತ್ತಾಗುತ್ತದೆ. ಕ್ಯಾಜ್‌ಗೆ ಹೆಸರೂ ಇಲ್ಲ, ದುಡ್ಡೂ ಇಲ್ಲ. ಆ ಹಾಡು ತಂದ ಕಂಪನಿ ನಡೆಸಿದವರು ಕಪ್ಪು ಜನರೇ, ಹಾಗಾಗಿ ಪ್ರತಿಯೊಂದು ಅನ್ಯಾಯಕ್ಕೂ ಬಣ್ಣವೇ ಕಾರಣ ಎಂದು ಹೇಳಲು ಆಗುವುದಿಲ್ಲ.

ಡ್ರಮ್ಮರುಗಳ ಕತೆ ಇನ್ನೂ ಬೇಜಾರು. 1969ರಲ್ಲಿ ದಿ ವಿನ್‌ಸ್ಟನ್ಸ್ ತಂಡದ ಗ್ರೆಗರಿ ಕೋಲ್‌ಮನ್ ಬಾರಿಸಿದ ಕೆಲವು ಸೆಕೆಂಡಿನ ಬ್ರೇಕ್ ಸಾವಿರಾರು ಹಾಡುಗಳ ಒಳಗೆ ಕೂತಿದೆ. ಅವನಿಗೆ ಅದರಿಂದ ರಾಯಲ್ಟಿ ಬರಲಿಲ್ಲ, 2006ರಲ್ಲಿ ಮನೆಯಿಲ್ಲದೆ ತೀರಿಕೊಂಡ. ಬಟ್ಟೆಯಲ್ಲೂ ಇದೇ ಕತೆ. ಹಾರ್ಲೆಮ್‌ನ ಡ್ಯಾಪರ್ ಡ್ಯಾನ್ 1980ರ ದಶಕದಲ್ಲಿ ದೊಡ್ಡ ಬ್ರ್ಯಾಂಡುಗಳ ಲೋಗೋ ಇಟ್ಟು ತನ್ನದೇ ವಿನ್ಯಾಸದಲ್ಲಿ ರ‍್ಯಾಪರ್‌ಗಳಿಗೆ ಬಟ್ಟೆ ಹೊಲಿದ. ಬ್ರ್ಯಾಂಡುಗಳು ಕೇಸು ಹಾಕಿ, ದಾಳಿ ಮಾಡಿಸಿ, 1992ಕ್ಕೆ ಅಂಗಡಿ ಮುಚ್ಚಿತು. 2017ರಲ್ಲಿ ಗೂಚಿ ಅವನ ಹಳೇ ಜ್ಯಾಕೆಟನ್ನೇ ಹೋಲುವ ಜ್ಯಾಕೆಟ್ ತಂದಿತು. ಜನ ಗಲಾಟೆ ಮಾಡಿದ ಮೇಲೆ ಅವನ ಜೊತೆ ಕೈಜೋಡಿಸಿ ಹಾರ್ಲೆಮ್‌ನಲ್ಲಿ ಮತ್ತೆ ಅಂಗಡಿ ತೆರೆಯಿತು. ಉಪ್ಪಳದ ಅಂಗಡಿಯಲ್ಲಿ ಲೋಗೋ ತುಂಬಿದ ಹೂಡಿ ಜ್ಯಾಕೆಟ್ ನೋಡುವಾಗ ಆ ದರ್ಜಿಯ ಹೆಸರನ್ನೂ ನೆನಪಿಡಿ.

ಒಟ್ಟಿಗೆ ಹಾಡುವಾಗ ಬಿಡಬೇಕಾದ ಒಂದು ಪದ

ಕಪ್ಪು ಜನರನ್ನು ಹೀಯಾಳಿಸುವ, ಇಂಗ್ಲಿಷಿನ ಎನ್ ಅಕ್ಷರದಿಂದ ಶುರುವಾಗುವ ಒಂದು ಪದ ಹಾಡುಗಳಲ್ಲಿ ಪದೇ ಪದೇ ಬರುತ್ತದೆ. ಹಾಡುವಾಗಲೂ ಅದನ್ನು ಹೇಳಬೇಡಿ, ಕಮೆಂಟಿನಲ್ಲೂ ಬರೆಯಬೇಡಿ, ಗೆಳೆಯರನ್ನು ಹಾಗೆ ಕರೆಯಲೇ ಬೇಡಿ. ಗುಲಾಮಗಿರಿಯ ಕಾಲದಿಂದ ಚಾಟಿಯ ಜೊತೆ ಬಂದ ಬೈಗುಳ ಅದು. ಯಾರ ಮೇಲೆ ಎಸೆದರೋ ಅವರೇ ಅದನ್ನು ಹಿಡಿದು ತಮ್ಮೊಳಗೆ ಬೇರೆ ರೀತಿ ಬಳಸುತ್ತಾರೆ, ಅದು ಅವರ ಹಕ್ಕು. 2018ರಲ್ಲಿ ಅಲಬಾಮಾದ ಒಂದು ಉತ್ಸವದಲ್ಲಿ ಕೆಂಡ್ರಿಕ್ ತನ್ನ ಜೊತೆ ಹಾಡಲು ಒಬ್ಬ ಬಿಳಿ ಅಭಿಮಾನಿಯನ್ನು ವೇದಿಕೆಗೆ ಕರೆದ. ಆಕೆ ಆ ಪದವನ್ನೂ ಸೇರಿಸಿ ಹಾಡಿದಾಗ ಹಾಡನ್ನೇ ನಿಲ್ಲಿಸಿದ. ನಾವೂ ಕಂದು ಬಣ್ಣದವರು, ನಮಗೆ ನಡೆಯುತ್ತದೆ ಎಂದು ಇಲ್ಲಿ ಕೆಲವರು ಹೇಳುತ್ತಾರೆ. ನಡೆಯುವುದಿಲ್ಲ. ನಮ್ಮಲ್ಲಿ ಜಾತಿಯ ಹೆಸರನ್ನು ಬೈಗುಳ ಮಾಡಿ ಎಸೆಯುವುದು ಹೇಗೆ ಎದೆಗೆ ತಾಗುತ್ತದೆ ಎಂದು ಗೊತ್ತಿರುವವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ.

ನೀವೇ ಬರೆಯುವುದಾದರೆ

ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಈಗ ಕನ್ನಡ, ತುಳು, ಮಲಯಾಳ, ಬ್ಯಾರಿ ಎಲ್ಲದರಲ್ಲೂ ಬರೆಯುತ್ತಿದ್ದಾರೆ, ನೋಡಿ ಖುಷಿಯಾಗುತ್ತದೆ. ಬರೆಯುವ ಮೊದಲು ಹತ್ತಿರದವರನ್ನು ಕೇಳಿ. 2020ರಲ್ಲಿ ತೃಶ್ಶೂರಿನ ವೇಡನ್ 'ವಾಯ್ಸ್ ಆಫ್ ದಿ ವಾಯ್ಸ್‌ಲೆಸ್' ತಂದಾಗ ಜಾತಿ ಮತ್ತು ಭೂಮಿಯ ಮಾತು ಮಲಯಾಳ ರ‍್ಯಾಪ್‌ನ ನಡುವಿಗೆ ಬಂತು. ಮಲಪ್ಪುರಂ ಮೂಲದ, ಹ್ಯೂಸ್ಟನ್‌ನಲ್ಲಿ ಬೆಳೆದ ಹನುಮಾನ್‌ಕೈಂಡ್ 2024ರಲ್ಲಿ ಪೊನ್ನಾನಿಯ ಮರಣಬಾವಿಯಲ್ಲಿ ವಿಡಿಯೋ ಮಾಡಿ ಅಮೆರಿಕದ ಹಾಟ್ 100 ಪಟ್ಟಿಗೇ ಹೋದ. ತಮಿಳಿನ ಅರಿವು 2021ರಲ್ಲಿ 'ಎಂಜಾಯ್ ಎಂಜಾಮಿ'ಯಲ್ಲಿ ತನ್ನ ಅಜ್ಜಿಯ ಕತೆ, ಭೂಮಿಯಿಲ್ಲದ ಕೂಲಿಗಳ ಕತೆ ಹೇಳಿದ. ಹಾಡು ಲೋಕವೆಲ್ಲ ಸುತ್ತಿತು. ಅದೇ ವರ್ಷ ಒಂದು ದೊಡ್ಡ ಸಂಗೀತ ಪತ್ರಿಕೆ ಆ ಹಾಡಿನ ಯಶಸ್ಸನ್ನು ಹೊಗಳಿ ಮುಖಪುಟ ಮಾಡಿದಾಗ ಅದರಲ್ಲಿ ಅರಿವುವಿನ ಮುಖ ಇರಲಿಲ್ಲ. ಜನ ಎದ್ದು ಕೇಳಿದ ಮೇಲೆ ಅವನಿಗೆ ಬೇರೆ ಡಿಜಿಟಲ್ ಮುಖಪುಟ ಬಂತು. ಕ್ಯಾಜ್‌ಗೆ ಆದದ್ದನ್ನು ಓದಿದವರಿಗೆ ಇದು ಅರ್ಥವಾಗುತ್ತದೆ.

ಅಮೆರಿಕದ ಉಚ್ಚಾರ, ಗನ್ನು, ಗ್ಯಾಂಗು ಇವನ್ನು ಎರವಲು ತರಬೇಡಿ. ನಮ್ಮಲ್ಲಿ ಹೇಳಲಿಕ್ಕೆ ಏನೂ ಕಡಿಮೆ ಇಲ್ಲ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು, ಎಣ್ಮಕಜೆಯ ಪಡ್ರೆಯಂಥ ಊರುಗಳಲ್ಲಿ ಮಕ್ಕಳು ಹಾಸಿಗೆ ಹಿಡಿದದ್ದು ಇಲ್ಲೇ. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬರುವುದು, ಅರ್ಜಿ ಫಾರಂ ಓದಲು ಇನ್ನೊಬ್ಬರನ್ನು ಕೇಳಬೇಕಾಗುವುದು ನಮ್ಮ ಮನೆಗಳ ಮಾತು. ಬರೆಯಿರಿ. ಆದರೆ ಕನ್ನಡಿಗರಾದ ನಮ್ಮ ಕಷ್ಟವೂ ಕಪ್ಪು ಅಮೆರಿಕನ್ನರ ಕಷ್ಟವೂ ಒಂದೇ ಎಂದು ಮಾತ್ರ ಬರೆಯಬೇಡಿ. ಅಲ್ಲಿ ಮನುಷ್ಯರನ್ನೇ ಕೊಂಡು ಮಾರಿದ್ದರು. ನಮ್ಮ ನೋವಿಗೆ ಅದರದೇ ತೂಕ ಉಂಟು.

ಮೇಲ್ಜಾತಿಯ ಮನೆಯಿಂದ ಬಂದವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಪೊಟ್ಟನ್ ತೆಯ್ಯಂ ನೋಡಿದ್ದೀರಾ? ದಾರಿಯಲ್ಲಿ ಎದುರಾದ ಶಂಕರಾಚಾರ್ಯರನ್ನು ತಡೆದು, ನಿಮ್ಮನ್ನು ಕಡಿದರೂ ನಮ್ಮನ್ನು ಕಡಿದರೂ ಬರುವುದು ರಕ್ತವೇ ಅಲ್ಲವಾ ಎಂದು ಕೇಳುವ ತೆಯ್ಯಂ. ರಾತ್ರಿ ಆ ವೇಷದ ಮುಂದೆ ಕೈಮುಗಿದವರು ಬೆಳಗ್ಗೆ ಅದೇ ಕಲಾವಿದನನ್ನು ಜಗಲಿಯ ಕೆಳಗೆ ನಿಲ್ಲಿಸಿದ್ದ ಚರಿತ್ರೆ ನಮ್ಮ ಸೀಮೆಯದ್ದೇ. ಹಾಗಾಗಿ ಆ ಸಾಲುಗಳನ್ನು, ಆ ಚೆಂಡೆಯನ್ನು ಸ್ಯಾಂಪಲ್ ಮಾಡಿ, ಅಂದರೆ ತುಣುಕು ತೆಗೆದು, ಬೀಟಿಗೆ ಹಾಕುವ ಆಸೆ ಬಂದರೆ ಮೊದಲು ಆ ಮನೆಗೆ ಹೋಗಿ ಕೇಳಿ. ಬೇಡ ಎಂದರೆ ಬಿಟ್ಟುಬಿಡಿ.

ಗದ್ದೆಯಲ್ಲಿ ನೇಜಿ ನೆಡುತ್ತ ಹಾಡಿದ ಅಜ್ಜಿಯಿಂದ ಪಾಡ್ದನ ರೆಕಾರ್ಡ್ ಮಾಡಿದರೆ, ಮೊಗ್ರಾಲ್ ಕಡೆಯ ಹಿರಿಯರಿಂದ ಮಾಪಿಳ್ಳೆ ಪಾಟ್ಟಿನ ಧಾಟಿ ಕಲಿತರೆ, ಹಾಡು ಹಾಕುವಾಗ ಅವರ ಹೆಸರನ್ನು ನಿಮ್ಮ ಹೆಸರಿನ ಪಕ್ಕದಲ್ಲೇ ಹಾಕಿ, ಕೆಳಗೆ ಸಣ್ಣ ಅಕ್ಷರದಲ್ಲಿ ಬೇಡ. ಬೀಟ್ ಮಾಡಿದವರ ಹೆಸರು, ಮಿಕ್ಸ್ ಮಾಡಿದವರ ಹೆಸರೂ ಇರಲಿ. ದುಡ್ಡು ಬಂದರೆ ಯಾರಿಗೆ ಎಷ್ಟು ಎಂದು ಅಪ್‌ಲೋಡ್ ಮಾಡುವ ಮೊದಲೇ ಒಂದು ಹಾಳೆಯಲ್ಲಿ ಬರೆದು, ಅಜ್ಜಿಗೆ ಓದಿ ಹೇಳಿ, ಎಲ್ಲರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ಒಂದು ಪ್ರತಿ ಅವರ ಮನೆಯಲ್ಲೂ ಕೊಟ್ಟು ಬನ್ನಿ.